ನನ್ನ ಮಗಳ ಮಿಸ್

ಹೊಟ್ಟೆಕಿಚ್ಚಿಗೆ ಏನಾದರೂ ಮರ್ಯಾದೆಯ ಹೆಸರು ಸಿಗುತ್ತದೆಯೇ ಎಂದು ಬಹಳ ಹುಡುಕಿದೆ. ಕಾಳಜಿ ಅಂದುಕೊಂಡೆ, ಆತಂಕ ಅಂದುಕೊಂಡೆ, ತಾಯಿಕರುಳು ಅಂತಲೂ ಅಂದು ನೋಡಿದೆ. ಯಾವುದೂ ಹೊಂದಲಿಲ್ಲ. ಅದು ಶುದ್ಧ ಹೊಟ್ಟೆಕಿಚ್ಚೇ. ಮಗಳು ಹೊಸ ಶಾಲೆಗೆ, ಒಂದನೇ ಕ್ಲಾಸಿಗೆ ಸೇರಿದ ಆ ಜೂನ್ ತಿಂಗಳಲ್ಲಿ ನಾನು ಅವಳ ಮಿಸ್ಸನ್ನು ನೆನೆದರೆ ಸಾಕು, ಉರಿದುಬೀಳುತ್ತಿದ್ದೆ. ಆಕೆ ನನಗೆ ಯಾವ ಕೇಡನ್ನೂ ಮಾಡಿರಲಿಲ್ಲ. ಒಂದೆರಡು ತಪ್ಪಾದರೂ ಮಾಡಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು!

ಉರಿಯಲು ಇನ್ನೊಂದು ಕಾರಣವೂ ಇತ್ತು. ನಾನೂ ಒಂದನೇ ಕ್ಲಾಸಿನ ಟೀಚರು. ಮನೆ ಶಿವಮೊಗ್ಗದಲ್ಲಿ, ಕೆಲಸ ಭದ್ರಾವತಿಯ ಹಳೇನಗರದ ಒಂದು ಸರ್ಕಾರಿ ಶಾಲೆಯಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು. ಬೇರೆ ಟೀಚರುಗಳು ಒಂದನೇ ಕ್ಲಾಸು ಎಂದರೆ ಮೂಗು ಮುರಿಯುತ್ತಾರೆ. ಅಳು, ಸಿಂಬಳ, ಒದ್ದೆ ಚಡ್ಡಿ, ಮನೆಯಲ್ಲಿ ಒಂದು ಭಾಷೆ, ಇಲ್ಲಿ ಇನ್ನೊಂದು. ಕಾರ್ಖಾನೆಗೆಂದು ಹಿಂದೆ ಬಂದು ನೆಲೆಸಿದ ಮನೆಗಳ ಮಕ್ಕಳು ತಮಿಳು, ತೆಲುಗಿನಲ್ಲಿ ಅಳುತ್ತವೆ, ಪಕ್ಕದ ಬೀದಿಯ ಮಕ್ಕಳು ಉರ್ದುವಿನಲ್ಲಿ. ಯಾವ ಭಾಷೆಯಲ್ಲಿ ಅತ್ತರೂ ಸುಮ್ಮನಿರಿಸುವುದು ನನಗೆ ಬರುತ್ತದೆ. ಇದನ್ನು ನಾನೇ ಹೇಳಿಕೊಂಡರೆ ಜಂಬ ಎನಿಸಬಹುದು, ಆದರೆ ಬರುತ್ತದೆ.

ಶಾಲೆ ತೆರೆಯುವ ಮುಂಚೆ, ಮೇ ಕೊನೆಯಲ್ಲಿ, ಹೊಸದಾಗಿ ಸೇರುವ ಮಕ್ಕಳ ತಾಯಂದಿರನ್ನು ಕರೆಸಿ ಜಮಖಾನೆಯ ಮೇಲೆ ಕೂರಿಸಿಕೊಂಡು ಮಾತಾಡುವ ಪದ್ಧತಿಯನ್ನು ನಾನೇ ಶುರು ಮಾಡಿದ್ದು. ಈಗಿನಿಂದಲೇ ಮಗುವನ್ನು ಬೇಗ ಎಬ್ಬಿಸಿ ಅಭ್ಯಾಸ ಮಾಡಿಸಿ ಎನ್ನುತ್ತೇನೆ. ಡಬ್ಬಿಯ ಮುಚ್ಚಳ ತೆಗೆಯುವುದು, ಚಡ್ಡಿಯ ಗುಂಡಿ ಹಾಕಿಕೊಳ್ಳುವುದು ಕಲಿತಿರಲಿ. ಹಟ ಮಾಡಿದರೆ ಮಿಸ್ಸಿಗೆ ಹೇಳಿ ಹೊಡೆಸ್ತೀನಿ ಎಂದು ಹೆದರಿಸಬೇಡಿ, ನನ್ನ ಹೆಸರು ಕೆಡುತ್ತದೆ. ಮಗುವಿನ ಕಣ್ಣು ತಪ್ಪಿಸಿ ಓಡಿಹೋಗಬೇಡಿ, ಮುಖ ನೋಡಿ ಬರ್ತೀನಿ ಎಂದು ಹೇಳಿ ಹೋಗಿ. ಹೇಳಿದ ಮೇಲೆ ಕಿಟಕಿಯಲ್ಲಿ ಇಣುಕಬೇಡಿ. ನೀವು ಹೋದ ಸ್ವಲ್ಪ ಹೊತ್ತಿಗೆ ಅಳು ನಿಲ್ಲುತ್ತದೆ, ನಿಂತದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಈ ಕೊನೆಯ ಮಾತಿಗೆ ತಾಯಂದಿರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸುತ್ತಮುತ್ತಲ ಶಾಲೆಯ ಟೀಚರುಗಳು ಈ ಸಭೆ ಹೇಗೆ ನಡೆಸುವುದೆಂದು ಕೇಳಲು ನನ್ನನ್ನು ಕರೆಸಿಕೊಳ್ಳುತ್ತಿದ್ದರು. ಊರಿಗೆಲ್ಲ ಹೇಳಿಕೊಟ್ಟವಳು ಅಂತಾರಲ್ಲ, ಅದು ನಾನೇ.

ನನ್ನ ಮಗಳನ್ನು ಶಿವಮೊಗ್ಗದಲ್ಲಿ ಮನೆಗೆ ಹತ್ತಿರದ ಒಂದು ಖಾಸಗಿ ಶಾಲೆಗೆ ಸೇರಿಸಿದೆವು. ಸರ್ಕಾರಿ ಟೀಚರ ಮಗಳು ಪ್ರೈವೇಟಿಗಾ ಎಂದು ಕೇರಿಯಲ್ಲಿ ಕೊಂಕು ಮಾತು ಬಂತು. ಬರಲಿ. ಅಷ್ಟು ಚಿಕ್ಕ ಮಗುವನ್ನು ದಿನಾ ಆ ಬಸ್ಸಿನ ನೂಕುನುಗ್ಗಲಿನಲ್ಲಿ ಎಳೆದುಕೊಂಡು ಹೋಗಬೇಕಿತ್ತೇ? ನನ್ನ ಕ್ಲಾಸಿನಲ್ಲೇ ಕೂತರೆ ಅವಳು ಮಗುವಾಗಿ ಇರುವುದಿಲ್ಲ, ಟೀಚರ ಮಗಳಾಗಿಬಿಡುತ್ತಾಳೆ. ಹೀಗೆಲ್ಲ ಕಾರಣ ಕೊಟ್ಟೆ. ಅವು ನಿಜವೂ ಹೌದು.

ಆದರೆ ಎರಡೂ ಶಾಲೆ ಒಂದೇ ದಿನ ತೆರೆದವು. ಮಗಳ ಮೊದಲ ದಿನ ನಾನೇ ಬಿಟ್ಟು ಬರಬೇಕೆಂದು ರಜೆ ಕೇಳಿದೆ. ನಮ್ಮ ಹೆಡ್‌ಮಾಸ್ಟರು ಕೊಡುವುದಿಲ್ಲ ಎನ್ನಲಿಲ್ಲ. ನೀವೇ ಇಲ್ಲದಿದ್ದರೆ ಒಂದನೇ ಕ್ಲಾಸನ್ನು ಯಾರು ಸುಧಾರಿಸಬೇಕು ಮೇಡಂ, ಎಂದರು ಅಷ್ಟೆ. ಹೊಗಳಿಕೆಗೆ ನಾನು ಬೇಗ ಬೀಳುತ್ತೇನೆ. ರಜೆಯ ಮಾತನ್ನು ಅಲ್ಲೇ ಬಿಟ್ಟೆ. ಹೀಗೆ ಮಗಳನ್ನು ಹೊಸ ಶಾಲೆಗೆ ಮೊದಲ ದಿನ ಕರೆದುಕೊಂಡು ಹೋದದ್ದು ನನ್ನ ಅತ್ತೆ. ನಾನು ಭದ್ರಾವತಿಯಲ್ಲಿ ಮಾವಿನ ತೋರಣದ ಕೆಳಗೆ ನಿಂತು, ಊರವರ ಮಕ್ಕಳ ಕೈಗೆ ಹೂವು ಕೊಟ್ಟು, ಕಣ್ಣೊರೆಸಿ ಒಳಗೆ ಕರೆದುಕೊಳ್ಳುತ್ತಿದ್ದೆ.

ಬಿಸಿಯೂಟದ ಹೊತ್ತಿಗೆ ಮನೆಗೆ ಫೋನು ಮಾಡಿದೆ. ಅತ್ತೆ ಕುಂಸಿ ಕಡೆಯವರು, ಯಾವುದನ್ನೂ ಮುಚ್ಚಿಟ್ಟು ಮಾತಾಡಿ ಗೊತ್ತಿಲ್ಲ. "ಅತ್ತಳು ಮಾರಾಯ್ತಿ, ಗೇಟು ಹಿಡ್ಕೊಂಡು ಅತ್ತಳು. ಆಮೇಲೆ ಆ ಹುಡುಗಿ ಮಿಸ್ಸು ಬಂದು ಸೊಂಟದ ಮೇಲೆ ಎತ್ಕೊಂಡ್ಲು ನೋಡು, ಗಪ್‌ಚಿಪ್ ಆದ್ಲು" ಎಂದರು. ನೆಮ್ಮದಿಯ ಉಸಿರು ಬಿಡಬೇಕಾದ ಸುದ್ದಿ ಅದು. ನನಗೆ ಮಾತ್ರ ಆ ಸೊಂಟ ಕಣ್ಣಿಗೆ ಕಟ್ಟಿತು. ನನ್ನ ಮಗಳು ಸೊಂಟದ ಮೇಲೆ ಕೂತರೆ ಕಾಲನ್ನು ಹೇಗೆ ಸುತ್ತಿಕೊಳ್ಳುತ್ತಾಳೆ, ಗಲ್ಲವನ್ನು ಎಲ್ಲಿ ಊರುತ್ತಾಳೆ ಎಂಬುದು ನನ್ನ ಮೈಗೆ ಗೊತ್ತು. ಈಗ ಇನ್ನೊಬ್ಬಳಿಗೂ ಗೊತ್ತಾಯಿತು. ಇಷ್ಟು ಬೇಗ ಯಾಕೆ ಸುಮ್ಮನಾದಳು ಎಂದು ನನಗೆ ಸಿಟ್ಟು ಬಂತು.

ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಬಾಗಿಲಲ್ಲೇ ಬಂದು ತಬ್ಬಿಕೊಳ್ಳುತ್ತಾಳೆ, ನಾಳೆಯಿಂದ ಹೋಗೋದಿಲ್ಲ ಎನ್ನುತ್ತಾಳೆ, ನಾನು ಬುದ್ಧಿ ಹೇಳಿ ಸಮಾಧಾನ ಮಾಡುತ್ತೇನೆ ಎಂದೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ನಡೆಸಿಕೊಂಡಿದ್ದೆ. ಅವಳು ನೆಲದ ಮೇಲೆ ಬೋರಲು ಮಲಗಿ ಚಿತ್ರ ಬರೆಯುತ್ತಿದ್ದಳು. ಉದ್ದ ಜಡೆ, ದೊಡ್ಡ ಕಣ್ಣು, ಜಡೆಯ ತುದಿಯಲ್ಲೊಂದು ಹೂವು. ನನಗೆ ಉದ್ದ ಜಡೆ ಇಲ್ಲ. ಯಾರೇ ಇದು ಎಂದು ಕೇಳಿ ಗೊತ್ತಿದ್ದೂ ಹೊಂಡಕ್ಕೆ ಬಿದ್ದೆ. "ನಮ್ಮ ಮಿಸ್ಸು" ಎಂದಳು, ತಲೆಯೆತ್ತದೆ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಐದನೆಯವಳೊಬ್ಬಳು ವಾಸಕ್ಕೆ ಬಂದ ಹಾಗಾಯಿತು. ನಮ್ಮ ಮಿಸ್ಸು ಹೀಗೆ ಕೂರ್ತಾರೆ, ನಮ್ಮ ಮಿಸ್ಸು ಹಾಗೆ ನಗ್ತಾರೆ, ನಮ್ಮ ಮಿಸ್ಸು ಮೆಂತ್ಯಸೊಪ್ಪಿನ ಪಲ್ಯ ತಿಂತಾರೆ. ಹುಟ್ಟಿದಾಗಿನಿಂದ ಮೆಂತ್ಯಸೊಪ್ಪು ಕಂಡರೆ ಮುಖ ತಿರುಗಿಸುತ್ತಿದ್ದವಳು ಈಗ ಡಬ್ಬಿಗೆ ಅದನ್ನೇ ಹಾಕು ಎಂದು ದುಂಬಾಲು ಬಿದ್ದಳು. ಇದೇ ಸೊಪ್ಪನ್ನು ತಿನ್ನಿಸಲು ನಾನು ಕಥೆ ಹೇಳಿ, ಪುಸಲಾಯಿಸಿ, ಕೊನೆಗೆ ಬೈದು ಸೋತಿದ್ದೆ. ಅತ್ತೆಗೆ ಖುಷಿಯೋ ಖುಷಿ. ನನ್ನ ಗಂಡನಿಗೂ ಖುಷಿ. ಆಟೋ ಕಾಂಪ್ಲೆಕ್ಸಿನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ಆತನಿಗೆ ಯಾವ ಭಾಗ ಎಲ್ಲಿ ಕೂತರೆ ಗಾಡಿ ಓಡುತ್ತದೆ ಎಂಬುದಷ್ಟೇ ಮುಖ್ಯ. ಮಗು ತಿನ್ನುತ್ತಿದೆ, ಶಾಲೆಗೆ ನಗುತ್ತಾ ಹೋಗುತ್ತಿದೆ, ಇನ್ನೇನು ಬೇಕು ನಿನಗೆ ಎಂದು ಕೇಳಿದ. ನನಗೆ ಏನು ಬೇಕಿತ್ತು ಎಂಬುದನ್ನು ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ. ಅವಳು ನನ್ನನ್ನು ಹುಡುಕಬೇಕಿತ್ತು. ಅಲ್ಲಿ, ಆ ಹೊಸ ಮುಖಗಳ ನಡುವೆ, ದಿನಕ್ಕೊಮ್ಮೆಯಾದರೂ ನನ್ನ ಅಮ್ಮ ಎಲ್ಲಿ ಎಂದು ಅವಳ ತುಟಿ ಅದುರಬೇಕಿತ್ತು.

ಅಕ್ಷರದ ವಿಷಯ ಬಂದಾಗ ಮಾತ್ರ ನನ್ನ ತಾಳ್ಮೆ ಕೆಟ್ಟಿತು. ನಮ್ಮ ಸರ್ಕಾರಿ ಶಾಲೆಯ ನಲಿಕಲಿ ಪದ್ಧತಿಯಲ್ಲಿ ಮಕ್ಕಳಿಗೆ ರ, ಗ, ಸ, ದ ಎಂದು ಶುರು ಮಾಡುತ್ತೇವೆ. ಬರೆಯಲು ಸುಲಭ, ಬೇಗ ಪದ ಕಟ್ಟಬಹುದು. ಎಷ್ಟು ಮಕ್ಕಳ ಬೆರಳು ಹಿಡಿದು ತಿದ್ದಿಸಿದ್ದೇನೋ, ಲೆಕ್ಕ ಇಟ್ಟಿಲ್ಲ. ಒಂದು ಸಂಜೆ ಮಗಳ ಸ್ಲೇಟಿನ ಮೇಲೆ ರ ಬರೆದು ತಿದ್ದು ಎಂದೆ. ಅವಳು ಸ್ಲೇಟು ಹಿಂದಕ್ಕೆ ತಳ್ಳಿ, ಅಕ್ಷರ ಶುರುವಾಗುವುದು ಅ ಯಿಂದ, ರ ಆಮೇಲೆ ಬರುತ್ತದೆ, ನಿನಗೆ ಗೊತ್ತಿಲ್ಲದಿದ್ದರೆ ನಮ್ಮ ಮಿಸ್ಸನ್ನು ಕೇಳು ಎಂದಳು. ಅಷ್ಟು ಕರುಣೆಯಿಂದ ನನ್ನ ಜೊತೆ ಯಾವ ಸ್ಕೂಲ್ ಇನ್‌ಸ್ಪೆಕ್ಟರೂ ಮಾತಾಡಿಲ್ಲ. ಸ್ಲೇಟನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಪಾತ್ರೆ ತೊಳೆದೆ. ಪಾತ್ರೆಗಳ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

ನನಗೆ ಆಗ ಉಳಿದಿದ್ದ ಸಮಾಧಾನವೆಂದರೆ ಭದ್ರಾವತಿಯ ನನ್ನ ಕ್ಲಾಸು. ಅಲ್ಲಿ ನಾನೇ ಮಹಾರಾಣಿ. ನಮ್ಮ ಶಾಲೆಯಲ್ಲಿ ಒಂದು ರೂಢಿ ಇದೆ, ಬೇರೆ ಕಡೆಯೂ ಇದ್ದೀತು. ಜೂನ್ ತಿಂಗಳಲ್ಲಿ ಹೊಸ ಮಕ್ಕಳು ಮೈಮರೆತು ಟೀಚರನ್ನು ಅಮ್ಮಾ ಎಂದು ಕರೆದುಬಿಡುತ್ತವೆ. ಕರೆದು ನಾಲಿಗೆ ಕಚ್ಚಿಕೊಳ್ಳುತ್ತವೆ, ಇಡೀ ಕ್ಲಾಸು ಗೊಳ್ಳೆಂದು ನಗುತ್ತದೆ. ಆಯಾ ವರ್ಷ ಯಾರನ್ನು ಮೊದಲು ಹಾಗೆ ಕರೆಯುತ್ತವೋ ಆ ಟೀಚರು ಸ್ಟಾಫ್‌ರೂಮಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ತರಿಸಬೇಕು. ಖರ್ಚು ನಮ್ಮದೇ ಆದರೂ ಅದನ್ನು ತರಿಸುವ ಗತ್ತೇ ಬೇರೆ. ಹೆಚ್ಚೂಕಮ್ಮಿ ಪ್ರತಿ ವರ್ಷ ಅದು ನನ್ನ ಪಾಲಿಗೇ ಬರುತ್ತದೆ. ಮಗು ಮಿಸ್ಸನ್ನು ಅಮ್ಮ ಎಂದಿತೆಂದರೆ ಅದಕ್ಕೆ ಶಾಲೆ ಹಿಡಿಸಿತು ಎಂದೇ ನಾವು ತಿಳಿಯುವುದು.

ಆ ವರ್ಷ ಒಬ್ಬ ಹುಡುಗ, ಮೊದಲ ವಾರವಿಡೀ ಚೀಲವನ್ನು ಬೆನ್ನಿಂದ ಇಳಿಸದೆ ಕೂತಿದ್ದವನು, ನನ್ನ ಸೆರಗು ಹಿಡಿದೆಳೆದು "ಅಮ್ಮೀ, ಪಾನಿ" ಎಂದ. ಅಮ್ಮೀ ಎಂದರೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಸ್ಟಾಫ್‌ರೂಮಿನಲ್ಲಿ ವಾದವೇ ನಡೆದು, ಬರುತ್ತದೆ ಎಂದು ತೀರ್ಮಾನವಾಯಿತು. ಮಂಡಕ್ಕಿ ತರಿಸಿದೆ. ಸಂಜೆ ಅವನನ್ನು ಕರೆದುಕೊಂಡು ಹೋಗಲು ಬಂದ ತಾಯಿಗೂ ಯಾರೋ ಇದನ್ನು ಹೇಳಿದರು. ಆಕೆ ನಕ್ಕಳು. "ಒಂಬತ್ತು ತಿಂಗಳು ಹೊತ್ತವಳು ನಾನು ಮಿಸ್" ಎಂದಳು, ನಗುತ್ತಲೇ. ಹುಡುಗನ ಕೈಯನ್ನು ಮಾತ್ರ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡು ಹೋದಳು. ಅವಳ ಸಂಕಟ ನನಗೆ ಚೆನ್ನಾಗಿ ಅರ್ಥವಾಯಿತು. ಹಾಗೆಂದು ನನ್ನ ಖುಷಿಯೇನೂ ಕಡಿಮೆಯಾಗಲಿಲ್ಲ, ನಿಜ ಹೇಳಬೇಕೆಂದರೆ ಒಂದು ತೂಕ ಹೆಚ್ಚೇ ಆಯಿತು.

ರಾತ್ರಿ ಊಟಕ್ಕೆ ಕೂತಾಗ ಈ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಅವನು ಹೇಗೆ ಸೆರಗು ಎಳೆದ, ಹೇಗೆ ನಾಲಿಗೆ ಕಚ್ಚಿಕೊಂಡ, ನಾನು ಹೇಗೆ ನಗು ತಡೆಯಲಾರದೆ ಅವನ ಕೆನ್ನೆ ಹಿಂಡಿದೆ, ಎಲ್ಲವನ್ನೂ ಅಭಿನಯಿಸಿಯೇ ತೋರಿಸಿದೆ. ಗಂಡ ನಕ್ಕ, ಅತ್ತೆ ನಕ್ಕರು. ಮಗಳು ಅನ್ನ ಕಲಸುತ್ತಾ ಕೇಳುತ್ತಿದ್ದಳು. ನಮ್ಮ ಮನೆಯಲ್ಲಿ ಒಂದು ರಾತ್ರಿಯ ಮಟ್ಟಿಗಾದರೂ ಬೇರೆ ಮಿಸ್ಸಿನ ಸುದ್ದಿ ನಿಂತು ಈ ಮಿಸ್ಸಿನ ಸುದ್ದಿ ನಡೆಯಿತಲ್ಲ ಎಂದು ನನಗೆ ತೃಪ್ತಿಯಾಯಿತು.

ಅದೇ ತಿಂಗಳ ಕೊನೆಯ ಶನಿವಾರ ಮಗಳ ಶಾಲೆಯಲ್ಲಿ ಪೋಷಕರ ಸಭೆ. ಶನಿವಾರ ನಮಗೆ ಬೆಳಗಿನ ಶಾಲೆ. ಮುಗಿಸಿದವಳೇ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ಇಳಿದು ಸೀದಾ ಅಲ್ಲಿಗೇ ಹೋದೆ. ಹೋಗುವಾಗ ಆ ಮಿಸ್ಸಿನಲ್ಲಿ ಒಂದಾದರೂ ಕೊರತೆ ಕಂಡುಹಿಡಿಯಬೇಕು ಎಂದು ನಿರ್ಧರಿಸಿಕೊಂಡೇ ಹೋಗಿದ್ದೆ. ಮೊದಲ ಸಲ ನೋಡಿದ್ದು ಅವತ್ತೇ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಹತ್ತಿ ಸೀರೆ, ಹಣೆಯಲ್ಲಿ ಸಣ್ಣ ವಿಭೂತಿ, ಚಿತ್ರದಲ್ಲಿದ್ದದ್ದಕ್ಕಿಂತ ಗಿಡ್ಡ ಜಡೆ. ಅಷ್ಟು ಸಿಕ್ಕಿತಲ್ಲ ಎಂದು ಹಿಗ್ಗಿದೆ. ಗೋಡೆಯ ಮೇಲಿನ ಪಟಗಳು ಮಕ್ಕಳ ಕಣ್ಣಿಗೆ ಎಟುಕುವ ಎತ್ತರದಲ್ಲೇ ಇದ್ದವು. ಬಾಗಿಲ ಬಳಿ ಚಪ್ಪಲಿಗಳು ಸಾಲಾಗಿದ್ದವು. ಬೇರೆ ಯಾರದಾದರೂ ಕ್ಲಾಸಾಗಿದ್ದರೆ ಭೇಷ್ ಎನ್ನುತ್ತಿದ್ದೆ.

ನಾನು ಟೀಚರೆಂದು ಆಕೆಗೆ ಗೊತ್ತಿರಲಿಲ್ಲ. ಅತ್ತೆ ಹೇಳಿರಲಿಲ್ಲ, ಮಗಳೂ ಹೇಳಿರಲಿಲ್ಲ. ಕೆಲಸಕ್ಕೆ ಹೋಗುವ ಒಬ್ಬ ಸಾಮಾನ್ಯ ತಾಯಿಯ ಹಾಗೆ ಕೂರಿಸಿಕೊಂಡು ನನಗೆ ಬುದ್ಧಿ ಹೇಳಲು ಶುರು ಮಾಡಿದಳು. ಬೆಳಿಗ್ಗೆ ಅವಸರ ಮಾಡಬೇಡಿ, ಸಂಜೆ ಬಂದಕೂಡಲೇ ಏನು ಕಲಿತೆ ಎಂದು ಕೇಳುವ ಬದಲು ಯಾರ ಪಕ್ಕ ಕೂತಿದ್ದೆ ಎಂದು ಕೇಳಿ, ಮಕ್ಕಳು ಬೇಗ ಹೊಂದಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ. ಜಮಖಾನೆಯ ಮೇಲೆ ಕೂತು ನಾನು ಹೇಳುವ ಮಾತುಗಳೇ. ಕೇಳುವವರ ಜಾಗದಲ್ಲಿ ಕೂತಾಗ ಅವು ಎಷ್ಟು ಚುಚ್ಚುತ್ತವೆ ಎಂದು ಗೊತ್ತಾಯಿತು. ನಾನೂ ಒಂದನೇ ಕ್ಲಾಸಿನ ಟೀಚರಮ್ಮಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಮುಖವರಳಿಸಿ, "ನಿಮ್ಮ ಮಗಳು ಮೊನ್ನೆ ನನ್ನನ್ನ ಅಮ್ಮಾ ಅಂದ್ಬಿಟ್ಲು ಮೇಡಂ. ಈ ವರ್ಷ ನನ್ನ ಕ್ಲಾಸಲ್ಲಿ ಇವಳೇ ಫಸ್ಟು" ಎಂದಳು.

ಹೌದಾ, ಮಕ್ಕಳಲ್ವಾ, ಎಂದೆ. ನಕ್ಕೆ ಅಂತಲೂ ನೆನಪು. ಒಂಬತ್ತು ತಿಂಗಳ ಮಾತು ಗಂಟಲಿನವರೆಗೂ ಬಂದಿತ್ತು, ನುಂಗಿಕೊಂಡೆ. ರಸ್ತೆಗೆ ಬಂದ ಮೇಲೆ ಯಾವ ಕಡೆ ಹೋಗಬೇಕೆಂದೇ ತೋಚಲಿಲ್ಲ. ಆಟೋದವನು ಎಲ್ಲಿಗೆ ಅಕ್ಕಾ ಎಂದು ಕೇಳಿದ್ದಕ್ಕೆ ಅವನ ಮೇಲೂ ರೇಗಿದೆ. ಆ ಹುಡುಗಿಗೆ ಇನ್ನೂ ಮದುವೆಯಾದ ಹಾಗಿಲ್ಲ, ಮಕ್ಕಳ ವಿಷಯ ಇವಳಿಗೇನು ಗೊತ್ತು ಎಂದು ಒಮ್ಮೆ, ಕೆಲಸ ಬಿಟ್ಟು ಮನೆಯಲ್ಲೇ ಕೂತುಬಿಡುತ್ತೇನೆ ಎಂದು ಇನ್ನೊಮ್ಮೆ ಅನ್ನಿಸಿತು. ಬೇರೆ ಶಾಲೆಗೆ ಹಾಕಿದರೆ ಹೇಗೆ ಎಂದೂ ಯೋಚಿಸಿದೆ. ರಾತ್ರಿ ಗಂಡನಿಗೆ ಅದನ್ನೇ ಹೇಳಿದೆ. ಆ ಶಾಲೆ ಸರಿಯಿಲ್ಲ ಎಂದೆ. ಏನು ಸರಿಯಿಲ್ಲ ಎಂದು ಕೇಳಿದ. ಮಗ್ಗುಲು ಬದಲಿಸಿದೆ.

ಮರುದಿನ ಭಾನುವಾರ, ಮಗಳಿಗೆ ಎಣ್ಣೆಸ್ನಾನ. ಬೆಳಗಿನ ಬಿಸಿಲಿಗೆ ಹಿತ್ತಲ ಕಟ್ಟೆಯ ಮೇಲೆ ಕೂರಿಸಿಕೊಂಡು ತಲೆಗೆ ಹರಳೆಣ್ಣೆ ತಟ್ಟುತ್ತಿದ್ದೆ. ವಾರದಲ್ಲಿ ನನಗೆ ಅವಳು ಪೂರ್ತಿಯಾಗಿ ಸಿಗುವುದು ಅದೊಂದು ಹೊತ್ತು. ಕೇಳಬಾರದು ಎಂದುಕೊಂಡಿದ್ದೆ, ಬಾಯಿ ಸುಮ್ಮನಿರಲಿಲ್ಲ. ಮಿಸ್ಸನ್ನು ಅಮ್ಮಾ ಅಂತ ಕರೆದೆಯಂತೆ, ಮರೆತುಹೋಯ್ತಾ ಎಂದೆ. ದನಿಯನ್ನು ಆದಷ್ಟು ಹಗುರ ಮಾಡಿಕೊಂಡಿದ್ದೆ.

"ಮರೆತು ಅಲ್ಲ" ಎಂದಳು. "ಬೇಕಂತಲೇ ಕರೆದೆ."

ಯಾಕೆ ಎಂದು ಕೇಳಿದೆ.

ಅವಳು ಕಣ್ಣಿಗೆ ಎಣ್ಣೆ ಇಳಿಯದಂತೆ ಹಣೆಯನ್ನು ಅಂಗೈಯಿಂದ ಮುಚ್ಚಿಕೊಂಡು, ನಿಧಾನವಾಗಿ, ದೊಡ್ಡವರಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದಳು. ಭದ್ರಾವತಿಯಲ್ಲಿ ಆ ಹುಡುಗ ಅಮ್ಮೀ ಅಂದಾಗ ನೀನು ಬಹಳ ನಕ್ಕೆಯಂತಲ್ಲ, ಕೆನ್ನೆ ಹಿಂಡಿದೆಯಂತಲ್ಲ. ಮಿಸ್ಸುಗಳಿಗೆ ಹಾಗಂದರೆ ಖುಷಿಯಾಗುತ್ತದೋ ಏನೋ ನೋಡೋಣ ಎಂದು ತಾನೂ ತನ್ನ ಮಿಸ್ಸನ್ನು ಹಾಗೇ ಕರೆದಳಂತೆ. ಮಿಸ್ಸಿಗೂ ಖುಷಿಯಾಯಿತಂತೆ. ಮಿಸ್ಸೂ ಕೆನ್ನೆ ಹಿಂಡಿದರಂತೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು, ಎತ್ತಿ ಮುದ್ದಾಡಿ, ಹೊಟ್ಟೆಕಿಚ್ಚನ್ನೆಲ್ಲ ಅಲ್ಲೇ ಕಳೆದುಕೊಂಡು ಎದ್ದುಬಿಡುತ್ತಿದ್ದೆನೇನೋ. ಆದರೆ ಅವಳು ತಿರುಗಿ ನನ್ನ ಮುಖ ನೋಡಿದಳು.

"ನಾನು ಅಮ್ಮಾ ಅಂದ್ರೆ ನೀನು ನಗೋದೇ ಇಲ್ಲ. ಏನೇ, ಬೇಗ ಹೇಳು, ಬಸ್ಸಿಗೆ ಹೊತ್ತಾಯ್ತು ಅಂತೀಯ."

ದೂರುವ ದನಿಯೇನೂ ಇರಲಿಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೆ. ನಾನು ಆ ತಿಂಗಳಿಡೀ ಒಬ್ಬ ಹುಡುಗಿಯ ಮೇಲೆ ಉರಿದುಕೊಂಡು ತಿರುಗಿದ್ದೆ. ಇವಳು ಚೀಲ ಹೊತ್ತ ಆ ಹುಡುಗನ ಮೇಲೆ, ಅವನ ಪಕ್ಕ ಕೂತವರ ಮೇಲೆ, ನನ್ನ ಇಡೀ ಕ್ಲಾಸಿನ ಮೇಲೆ ಇನ್ನೂ ಎಷ್ಟು ಕಾಲದಿಂದ ಉರಿಯುತ್ತಿದ್ದಳೋ. ನನ್ನ ಹಾಗೆ ಪಾತ್ರೆ ಬಡಿಯಲಿಲ್ಲ, ರೇಗಲಿಲ್ಲ, ನಿನ್ನ ಶಾಲೆ ಸರಿಯಿಲ್ಲ, ಬದಲಾಯಿಸು ಎಂದೂ ಹೇಳಲಿಲ್ಲ.

ಇನ್ನೊಮ್ಮೆ ಕರಿ ಎಂದೆ. ಅವಳಿಗೆ ಅನುಮಾನ. ಇವತ್ತು ಬಸ್ಸಿಲ್ವಾ ಎಂದು ಕೇಳಿ, ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, "ಅಮ್ಮಾ" ಎಂದಳು.

ನಗಬೇಕೆಂದು ಎಷ್ಟು ಪ್ರಯತ್ನಪಟ್ಟರೂ ನನಗೆ ನಗು ಬರಲಿಲ್ಲ. ಅವಳು ಕಾಯುತ್ತಾ ಕೂತಿದ್ದಳು.